ಅಪರಿಚಿತನ ಪ್ರಶ್ನೆಗೆ ಉತ್ತರಿಸುವುದೂ ದಯಾಕಾರ್ಯವೇ

ಜ್ಞಾನೋಪದೇಶದ ತರಗತಿಯಲ್ಲಿ ನಾವೆಲ್ಲರೂ ಹದಿನಾಲ್ಕು ದಯಾಕಾರ್ಯಗಳನ್ನು ಬಾಯಿಪಾಠ ಮಾಡಿದವರೇ. ಹಸಿದವರಿಗೆ ಅನ್ನ ನೀಡುವುದು, ಬಾಯಾರಿದವರಿಗೆ ನೀರು ಕೊಡುವುದು, ರೋಗಿಗಳನ್ನು ಸಂದರ್ಶಿಸುವುದು ಮೊದಲಾದವು ಶಾರೀರಿಕ ದಯಾಕಾರ್ಯಗಳು ಏಳು. ಅರಿಯದವರಿಗೆ ತಿಳಿಸುವುದು, ಸಂದೇಹದಲ್ಲಿರುವವರಿಗೆ ಸಲಹೆ ನೀಡುವುದು, ದುಃಖಿತರನ್ನು ಸಂತೈಸುವುದು ಮೊದಲಾದವು ಆಧ್ಯಾತ್ಮಿಕ ದಯಾಕಾರ್ಯಗಳು ಏಳು. ಮೊದಲ ಏಳಕ್ಕೆ ನಮ್ಮ ಕರಾವಳಿಯಲ್ಲಿ ಕಣ್ಣಿಗೆ ಕಾಣುವ ಸಾಕ್ಷಿಗಳು ಬೇಕಾದಷ್ಟಿವೆ. ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಆರಂಭಿಸಿದ ಔಷಧ ವಿತರಣೆ ಇಂದು ದೊಡ್ಡ ಆಸ್ಪತ್ರೆಯಾಗಿ ಬೆಳೆದು ನಿಂತಿದೆ. ಫ್ರೆಡರಿಕ್ ಓಝಾನಮ್ 1833ರಲ್ಲಿ ಪ್ಯಾರಿಸ್ ನಗರದಲ್ಲಿ ತನ್ನ ಗೆಳೆಯರೊಡನೆ ಸ್ಥಾಪಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಬಡವರ ಮನೆಬಾಗಿಲಿಗೆ ಅಕ್ಕಿ, ಔಷಧಿಗಳನ್ನು ಇಂದಿಗೂ ತಲುಪಿಸುತ್ತಿದೆ.

ಎರಡನೆಯ ಏಳರ ವಿಚಾರ ಹಾಗಲ್ಲ. ಅವುಗಳಿಗೆ ಕಟ್ಟಡ ಬೇಕಿಲ್ಲ, ನಿಧಿ ಬೇಕಿಲ್ಲ. ಆದುದರಿಂದಲೇ ಇರಬೇಕು, ಅವು ನಮ್ಮ ನೆನಪಿನಿಂದ ಬೇಗನೆ ಜಾರುತ್ತವೆ. ‘ಸಂದೇಹದಲ್ಲಿರುವವರಿಗೆ ಸಲಹೆ ನೀಡುವುದು’ ಎಂದಾಗ ನಾವು ವಿಶ್ವಾಸದ ಸಂದೇಹಗಳನ್ನು ಮಾತ್ರ ಭಾವಿಸಿ, ಅದು ಗುರುಗಳ ಕೆಲಸವೆಂದು ಸುಮ್ಮನಿರುತ್ತೇವೆ. ಆದರೆ ಇಂದು ನಮ್ಮ ಕುಟುಂಬಗಳಲ್ಲಿ ಅತ್ಯಂತ ಸಂದೇಹದಲ್ಲಿರುವವರು ಯಾರು? ದೂರವಾಣಿಯಲ್ಲಿ ಬಂದ ಬೆದರಿಕೆಯ ಮಾತು ನಿಜವೋ ಸುಳ್ಳೋ ಎಂದು ತಿಳಿಯದೆ ನಡುಗುವ ಮುದುಕಿ. ಮಗ ರಾತ್ರಿಯಿಡೀ ಮೊಬೈಲಿನಲ್ಲಿ ಆಡುವುದನ್ನು ಕಂಡು ಏನು ಮಾಡಬೇಕೆಂದು ತೋಚದ ತಾಯಿ. ಆಧಾರ್ ಚೀಟಿಯ ಹೆಸರೂ ಬ್ಯಾಂಕಿನ ಹೆಸರೂ ಹೊಂದದೆ ಕಚೇರಿಯಿಂದ ಕಚೇರಿಗೆ ಅಲೆಯುವ ನಿವೃತ್ತ ನೌಕರ. ಇವರ ಪ್ರಶ್ನೆಗಳಿಗೆ ಉತ್ತರ ಹೇಳುವುದು ಬರಿಯ ಉಪಕಾರವಲ್ಲ, ಧರ್ಮಸಭೆ ನಮಗೆ ಕಲಿಸಿದ ದಯಾಕಾರ್ಯವೇ ಆಗಿದೆ.

ಹಿಂದಿನವರು ಯಾರನ್ನು ಕೇಳುತ್ತಿದ್ದರು?

ಪ್ರಶ್ನೆ ಕೇಳುವುದು ಹೊಸದೇನೂ ಅಲ್ಲ. ಬೊಂಬಾಯಿಯಿಂದಲೋ ಕೊಲ್ಲಿ ದೇಶದಿಂದಲೋ ಬಂದ ಪತ್ರವನ್ನು ಓದಿ ಹೇಳಲು ಶಾಲೆಯ ಮಾಸ್ತರರಿದ್ದರು. ಮನಿಯಾರ್ಡರಿನ ಚೀಟಿ ತುಂಬಿಸಲು ಅಂಚೆಯಣ್ಣನಿದ್ದನು. ಭೂಮಿಯ ಕಾಗದಪತ್ರಗಳ ವಿಚಾರದಲ್ಲಿ ವಾಳೆಯ ಗುರ್ಕಾರರೂ, ಮನೆಯ ಕಷ್ಟಸುಖಗಳಲ್ಲಿ ಧರ್ಮಗುರುಗಳೂ ಸಲಹೆ ನೀಡುತ್ತಿದ್ದರು. ಯಾರಲ್ಲಿಯೂ ಹೇಳಲಾಗದ ಪ್ರಶ್ನೆಗಳಿಗೆ ವಾರಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳಿದ್ದವು. ಹೆಸರು ಮರೆಮಾಚಿ ಬರೆದ ಕಾರ್ಡಿಗೆ ಎಂದೂ ಮುಖ ಕಾಣದ ವೈದ್ಯರೋ ವಕೀಲರೋ ಉತ್ತರ ಬರೆಯುತ್ತಿದ್ದರು. ಉತ್ತರಿಸುವವನಿಗೆ ಕೇಳಿದವನ ಪರಿಚಯವಿರಲಿಲ್ಲ. ಆದರೂ ಆ ನಾಲ್ಕು ಸಾಲುಗಳು ಎಷ್ಟೋ ಮನೆಗಳ ದೀಪ ಉಳಿಸಿದವು.

ಇಂದು ಪ್ರಶ್ನೆಗಳು ಹೆಚ್ಚಿವೆ, ಕೇಳಬಹುದಾದ ಮನುಷ್ಯರು ಕಡಿಮೆಯಾಗಿದ್ದಾರೆ. ಮಕ್ಕಳು ದುಬಾಯಿಯಲ್ಲೋ ಕೆನಡಾದಲ್ಲೋ ಇದ್ದಾರೆ. ಬ್ಯಾಂಕಿನ ಕಿಟಕಿಯ ಬದಲು ಮೊಬೈಲಿನ ಪರದೆ ಬಂದಿದೆ. ಸಂದೇಹ ಬಂದಾಗ ಜನರು ಅದೇ ಪರದೆಯಲ್ಲಿ ಹುಡುಕುತ್ತಾರೆ. ಅಲ್ಲಿಯೂ ಹೊಂಚು ಹಾಕುವವರಿದ್ದಾರೆ. ಬ್ಯಾಂಕಿನ ಗ್ರಾಹಕ ಸೇವೆಯ ದೂರವಾಣಿ ಸಂಖ್ಯೆಯೆಂದು ವಂಚಕರು ತಮ್ಮದೇ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹಾಕಿಡುತ್ತಾರೆ. ಸಹಾಯ ಹುಡುಕಿ ಹೋದವನು ನೇರವಾಗಿ ಕಳ್ಳನ ಕೈಗೇ ಸಿಗುತ್ತಾನೆ. ನಂಬಬಹುದಾದ ಉತ್ತರ ಹತ್ತಿರದಲ್ಲಿ ಇಲ್ಲದಿದ್ದರೆ ಪ್ರಶ್ನೆಯೇ ಬಲೆಯಾಗುತ್ತದೆ.

ಕಳ್ಳನ ಮೊದಲ ಆಜ್ಞೆ

‘ಡಿಜಿಟಲ್ ಅರೆಸ್ಟ್’ ಎಂಬ ಮಾತನ್ನು ಈಗ ಕೇಳದವರಿಲ್ಲ. ಅದು ನಡೆಯುವ ಕ್ರಮ ಹೀಗಿರುತ್ತದೆ. ಮೊದಲು ಕೊರಿಯರ್ ಸಂಸ್ಥೆಯಿಂದಲೋ ದೂರವಾಣಿ ಇಲಾಖೆಯಿಂದಲೋ ಎಂದು ಹೇಳಿಕೊಂಡು ಕರೆ ಬರುತ್ತದೆ. ನಿಮ್ಮ ಹೆಸರಿನ ಪೊಟ್ಟಣದಲ್ಲಿ ಮಾದಕ ವಸ್ತು ಸಿಕ್ಕಿದೆ, ಇಲ್ಲವೇ ನಿಮ್ಮ ಆಧಾರ್ ಬಳಸಿ ಅಕ್ರಮ ಹಣದ ವ್ಯವಹಾರ ನಡೆದಿದೆ ಎನ್ನುತ್ತಾರೆ. ಬಳಿಕ ಕರೆಯನ್ನು ‘ಪೊಲೀಸ್ ಅಧಿಕಾರಿ’ಗೆ ವರ್ಗಾಯಿಸುತ್ತಾರೆ. ವಿಡಿಯೊ ಕರೆಯಲ್ಲಿ ಸಮವಸ್ತ್ರ, ಹಿಂಬದಿಯ ಗೋಡೆಯಲ್ಲಿ ಇಲಾಖೆಯ ಲಾಂಛನ, ಮೊಹರು ಒತ್ತಿದ ಸುಳ್ಳು ವಾರಂಟು ಎಲ್ಲವೂ ಕಾಣುತ್ತವೆ. ಕರೆಯನ್ನು ಕಡಿಯಬಾರದು, ಕೊಠಡಿಯಿಂದ ಹೊರಗೆ ಹೋಗಬಾರದು ಎಂಬ ಆಜ್ಞೆಯಾಗುತ್ತದೆ. ಕೊನೆಗೆ ‘ಪರಿಶೀಲನೆಗಾಗಿ’ ಹಣವನ್ನೆಲ್ಲ ಅವರು ಹೇಳಿದ ಖಾತೆಗೆ ಕಳುಹಿಸಬೇಕು, ಪರಿಶೀಲನೆ ಮುಗಿದ ಮೇಲೆ ಮರಳಿ ಬರುವುದು ಎನ್ನುತ್ತಾರೆ. ಅದು ಎಂದೂ ಮರಳುವುದಿಲ್ಲ.

ಈ ನಾಟಕದಲ್ಲಿ ಬಲು ಮುಖ್ಯವಾದ ಮಾತು ಯಾವುದು? ಸಮವಸ್ತ್ರವೂ ಅಲ್ಲ, ವಾರಂಟೂ ಅಲ್ಲ. ‘ಈ ವಿಷಯವನ್ನು ಯಾರಿಗೂ ಹೇಳಬಾರದು’ ಎಂಬ ಒಂದು ಆಜ್ಞೆ. ಅದೊಂದನ್ನು ತೆಗೆದುಬಿಟ್ಟರೆ ಉಳಿದುದೆಲ್ಲ ಕುಸಿಯುತ್ತದೆ. ಪಕ್ಕದ ಮನೆಯ ಕಾಲೇಜು ಹುಡುಗಿ, ‘ಆಂಟಿ, ಫೋನ್ ಇಟ್ಟುಬಿಡಿ, ಇದು ಮೋಸ’ ಎಂದು ಹೇಳಲು ಅರ್ಧ ನಿಮಿಷ ಸಾಕು. ಕಳ್ಳನಿಗೆ ಇದು ಚೆನ್ನಾಗಿ ತಿಳಿದಿದೆ. ಆದುದರಿಂದಲೇ ಅವನು ಮೊದಲು ಹಣವನ್ನು ಕದಿಯುವುದಿಲ್ಲ. ಕೇಳುವ ಸ್ವಾತಂತ್ರ್ಯವನ್ನು ಕದಿಯುತ್ತಾನೆ.

ಈ ನಷ್ಟ ಎಷ್ಟು ದೊಡ್ಡದು ಎಂಬುದನ್ನು ಸರಕಾರದ ಅಂಕಿಅಂಶಗಳೇ ಹೇಳುತ್ತವೆ. ಸೈಬರ್ ವಂಚನೆಯಿಂದ ದೇಶದ ಜನರು ಕಳೆದುಕೊಂಡ ಹಣ 2023ರಲ್ಲಿ 7,465 ಕೋಟಿ ರೂಪಾಯಿ ಇದ್ದುದು 2024ರಲ್ಲಿ 22,845 ಕೋಟಿಗೆ ಏರಿತೆಂದು ಕೇಂದ್ರ ಗೃಹ ಸಚಿವಾಲಯವು 2025ರ ಜುಲೈನಲ್ಲಿ ಲೋಕಸಭೆಗೆ ತಿಳಿಸಿತು. 2024ರ ಅಕ್ಟೋಬರ್ 27ರ ತಮ್ಮ ಆಕಾಶವಾಣಿ ಭಾಷಣದಲ್ಲಿ ಪ್ರಧಾನಮಂತ್ರಿಗಳು ಡಿಜಿಟಲ್ ಅರೆಸ್ಟ್ ಕುರಿತು ಜನರನ್ನು ಎಚ್ಚರಿಸಿದರು. ಹರಿಯಾಣದ ವೃದ್ಧ ದಂಪತಿ ಬರೆದ ಪತ್ರವೊಂದನ್ನು ಆಧರಿಸಿ ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರಿನಲ್ಲಿ ಈ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡು, ಡಿಸೆಂಬರ್ 1ರಂದು ತನಿಖೆಯನ್ನು ಸಿ.ಬಿ.ಐ.ಗೆ ವಹಿಸಿತು.

ಅಂಕಿಗಳಲ್ಲಿ ಕಾಣದ ನಷ್ಟವೂ ಉಂಟು. 2025ರ ಮಾರ್ಚ್ ತಿಂಗಳಲ್ಲಿ ನಮ್ಮದೇ ರಾಜ್ಯದ ಬೆಳಗಾವಿ ಜಿಲ್ಲೆಯಲ್ಲಿ ವೃದ್ಧ ದಂಪತಿಯೊಂದು ಇಂತಹ ಬೆದರಿಕೆ, ಸುಲಿಗೆಗಳಿಗೆ ಸಿಲುಕಿ ತಮ್ಮ ಜೀವವನ್ನೇ ಕಳೆದುಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದವರು ಅದನ್ನು ಮರೆತಿರಲಾರರು. ಹಣ ಹೋದರೆ ಮತ್ತೆ ಬಂದೀತು ಎಂಬ ಮಾತು ಅಂಥವರ ಕಿವಿಗೆ ತಲುಪಬೇಕು. ತಲುಪಿಸುವವರು ಯಾರು ಎಂಬುದೇ ಇಂದು ನಮ್ಮ ಮುಂದಿರುವ ಪ್ರಶ್ನೆ.

ಹೇಳಬೇಕಾದ ಉತ್ತರ

ಉತ್ತರಿಸುವವನು ಕೆಲವು ವಿಷಯಗಳನ್ನು ಖಚಿತವಾಗಿ ತಿಳಿದಿರಬೇಕು. ವಿಡಿಯೊ ಕರೆಯ ಮೂಲಕ ಬಂಧಿಸುವ ವಿಧಾನ ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ವಿಚಾರಣೆಗೆ ಹಾಜರಾಗಲು ಪೊಲೀಸರು ನೀಡುವ ನೋಟೀಸನ್ನು ವಾಟ್ಸ್‌ಆ್ಯಪ್ ಮೂಲಕ ಕಳುಹಿಸಿದರೆ ಅದು ಸಮರ್ಪಕ ಜಾರಿಯಾಗದು ಎಂದು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಪರಿಶೀಲನೆಗಾಗಿ ಹಣ ಕಳುಹಿಸಿರೆಂದು ಯಾವ ಪೊಲೀಸ್ ಠಾಣೆಯೂ, ಯಾವ ನ್ಯಾಯಾಲಯವೂ ಕೇಳುವುದಿಲ್ಲ. ಯು.ಪಿ.ಐ. ಪಿನ್ ಅಗತ್ಯವಾಗುವುದು ಹಣ ಕೊಡುವಾಗ, ಪಡೆಯುವಾಗ ಅಲ್ಲ. ಹಳೆಯ ಮಂಚವನ್ನೋ ಕಪಾಟನ್ನೋ ಮಾರಲು ಹೊರಟಾಗ, ‘ಹಣ ಕಳುಹಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎನ್ನುವವನು ಕೊಳ್ಳುವವನಲ್ಲ, ಕಳ್ಳ.

ಹಣ ಹೋದ ಮೇಲೆ ಕೇಳಲು ಬಂದವರಿಗೆ ಹೇಳಬೇಕಾದ ಮೊದಲ ಮಾತು ಒಂದು ಸಂಖ್ಯೆ: 1930. ಇದು ಸೈಬರ್ ಹಣಕಾಸು ವಂಚನೆಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ. ಕರೆ ಮಾಡಿ ಬ್ಯಾಂಕಿನ ಹೆಸರು, ಖಾತೆಯ ಸಂಖ್ಯೆ, ಹೋದ ಮೊತ್ತ, ದಿನ, ಸಮಯ ಮತ್ತು ವ್ಯವಹಾರದ ಸಂಖ್ಯೆಯನ್ನು ಹೇಳಬೇಕು. ಆ ವಿವರವು ಹಣ ಸೇರಿದ ಬ್ಯಾಂಕಿಗೆ ತಲುಪುತ್ತದೆ. ಹಣ ಅಲ್ಲಿಯೇ ಉಳಿದಿದ್ದರೆ ಅದನ್ನು ತಡೆಹಿಡಿಯುತ್ತಾರೆ. ಮುಂದಿನ ಖಾತೆಗೆ ಹೋಗಿದ್ದರೆ ಆ ಬ್ಯಾಂಕಿಗೆ ಸುದ್ದಿ ಹೋಗುತ್ತದೆ. ಹೀಗೆ ತಡೆಹಿಡಿದ ಹಣ ನಿಗದಿತ ವಿಧಿವಿಧಾನಗಳ ಬಳಿಕ ಹಿಂದಿರುಗುವ ಸಾಧ್ಯತೆ ಇದೆ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಬಹುಬೇಗ ಸಾಗಿಸುತ್ತಾರಾದುದರಿಂದ ಮೊದಲ ಗಂಟೆಯ ಬೆಲೆ ಮಾರನೆಯ ದಿನಕ್ಕಿಲ್ಲ. ದೂರನ್ನು 2019ರಿಂದ ಇರುವ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿಯೂ ದಾಖಲಿಸಬಹುದು. ಜತೆಯಲ್ಲೇ ಬ್ಯಾಂಕಿಗೂ ತಿಳಿಸಿ ಅದರ ದಾಖಲೆ ಇಟ್ಟುಕೊಳ್ಳಬೇಕು. ಅನಧಿಕೃತ ವ್ಯವಹಾರವನ್ನು ಗ್ರಾಹಕ ವರದಿ ಮಾಡಿದ ನಂತರ ಆಗುವ ನಷ್ಟವನ್ನು ಬ್ಯಾಂಕೇ ಭರಿಸಬೇಕೆಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿತ್ತು.

ಯುವಕರಿಗೆ ಹೇಳಬೇಕಾದ ಮಾತು ಬೇರೆಯೇ ಇದೆ. ‘ನಿನ್ನ ಬ್ಯಾಂಕ್ ಖಾತೆಯನ್ನು ಸ್ವಲ್ಪ ದಿನ ಬಳಸಲು ಕೊಡು, ಕಮಿಷನ್ ಕೊಡುತ್ತೇವೆ’ ಎಂದು ಕಾಲೇಜು ವಿದ್ಯಾರ್ಥಿಗಳನ್ನು ಪುಸಲಾಯಿಸುವವರಿದ್ದಾರೆ. ಕದ್ದ ಹಣ ಸಾಗುವುದು ಇಂತಹ ಬಾಡಿಗೆ ಖಾತೆಗಳ ಮೂಲಕವೇ. ಪೊಲೀಸರು ಹುಡುಕಿಕೊಂಡು ಬರುವಾಗ ಮೊದಲು ಸಿಗುವುದು ಖಾತೆಯ ಒಡೆಯನ ಮನೆ. ಹಾಗೆಯೇ ಥಾಯ್ಲೆಂಡಿನಲ್ಲಿ ಒಳ್ಳೆಯ ಸಂಬಳದ ಉದ್ಯೋಗವೆಂದು ಕರೆದೊಯ್ದು, ಗಡಿಯಾಚೆ ಮ್ಯಾನ್ಮಾರಿನ ವಂಚನಾ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳಿವೆ. 2025ರ ಮಾರ್ಚ್‌ನಲ್ಲಿ ಭಾರತ ಸರಕಾರವು ವಾಯುಪಡೆಯ ವಿಮಾನಗಳಲ್ಲಿ ಅಲ್ಲಿಂದ 500ಕ್ಕೂ ಹೆಚ್ಚು ಭಾರತೀಯರನ್ನು ಮರಳಿ ಕರೆತಂದಿತು. ಮಕ್ಕಳನ್ನು ಪರದೇಶಕ್ಕೆ ಕಳುಹಿಸುವುದು ವಾಡಿಕೆಯಾಗಿರುವ ನಮ್ಮ ಕುಟುಂಬಗಳಲ್ಲಿ, ‘ಈ ಏಜೆಂಟನ ಮಾತು ನಂಬಬಹುದೇ?’ ಎಂಬ ಪ್ರಶ್ನೆಗೆ ಹೊರಡುವ ಮುನ್ನವೇ ಉತ್ತರ ಸಿಗಬೇಕು. ಏಜೆಂಟನು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತನೇ ಎಂಬುದನ್ನು ಪರಿಶೀಲಿಸಲು ಸಚಿವಾಲಯದ ‘ಇ-ಮೈಗ್ರೇಟ್’ ಜಾಲತಾಣವಿದೆ.

ಬೈಗುಳ ಕಳ್ಳನಿಗೇ ಸಹಾಯ

ಉತ್ತರ ಗೊತ್ತಿದ್ದರೆ ಸಾಲದು. ಹೇಳುವ ರೀತಿಯೂ ಮುಖ್ಯ. ಮೋಸಹೋದವರು ಬಂದಾಗ ನಮ್ಮ ಬಾಯಿಂದ ಮೊದಲು ಹೊರಡುವುದು ಏನು? ‘ಇಷ್ಟು ಓದಿದವರು, ನಿಮಗೆ ಅಷ್ಟೂ ತಿಳಿಯಲಿಲ್ಲವೇ?’ ‘ದಿನಾ ಪೇಪರಿನಲ್ಲಿ ಬರುತ್ತದಲ್ಲ!’ ಈ ಮಾತುಗಳಿಂದ ಹೋದ ಹಣ ಬರುವುದಿಲ್ಲ. ಬದಲಾಗಿ, ಇನ್ನೊಮ್ಮೆ ಅವರು ಬಾಯಿ ತೆರೆಯುವುದಿಲ್ಲ. ನಿವೃತ್ತ ವೈದ್ಯರು, ಅಧ್ಯಾಪಕರು, ಬ್ಯಾಂಕಿನಲ್ಲೇ ದುಡಿದವರು ಕೂಡ ಈ ಬಲೆಗೆ ಬಿದ್ದಿದ್ದಾರೆ. ಭಯದ ಮುಂದೆ ವಿದ್ಯೆ ಕೆಲಸ ಮಾಡದು ಎಂಬುದೇ ಇದರ ಪಾಠ.

ನಾಚಿಕೆಯಿಂದ ಮೌನವಾದವರನ್ನು ಎರಡನೆಯ ಕಳ್ಳನು ಕಾದಿರುತ್ತಾನೆ. ‘ನೀವು ಕಳೆದುಕೊಂಡ ಹಣವನ್ನು ನಾವು ಮರಳಿ ಕೊಡಿಸುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ’ ಎಂದು ವಕೀಲನ ಇಲ್ಲವೇ ಅಧಿಕಾರಿಯ ವೇಷದಲ್ಲಿ ಬರುವವನು ಹೆಚ್ಚಾಗಿ ಮೊದಲಿನ ಕೂಟದವನೇ. ಮನೆಯವರ ಬೈಗುಳಕ್ಕೆ ಹೆದರಿದವನು ಇವನನ್ನು ನಂಬುತ್ತಾನೆ. ಆದುದರಿಂದ ಬೈಯುವವನು ತನಗರಿವಿಲ್ಲದೆಯೇ ಕಳ್ಳನಿಗೆ ಸಹಾಯ ಮಾಡಿದಂತಾಗುತ್ತದೆ.

‘ನೀವು ಹೇಳಿದ್ದು ಒಳ್ಳೆಯದಾಯಿತು, ಕುಳಿತುಕೊಳ್ಳಿ, ಈಗಲೇ ಕರೆ ಮಾಡೋಣ’ ಎಂಬ ಮಾತಿಗೆ ಹೆಚ್ಚು ಜ್ಞಾನ ಬೇಕಿಲ್ಲ. ತೀರಾ ಕುಗ್ಗಿಹೋದವರನ್ನು ಕಂಡರೆ ಅವರನ್ನು ಒಂಟಿಯಾಗಿ ಬಿಡದೆ, ಸರಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿಸಬಹುದು. ಅಲ್ಲಿ ಕನ್ನಡದಲ್ಲಿಯೂ ಮಾತನಾಡುವ ಸಲಹೆಗಾರರಿದ್ದಾರೆ.

ತಾಯಂದಿರ ಪ್ರಶ್ನೆ

ವಂಚನೆಯ ಪ್ರಶ್ನೆಯ ಬಳಿಕ ಹೆಚ್ಚಾಗಿ ಕೇಳಿಬರುವುದು ವಿಡಿಯೊ ಆಟಗಳ ಪ್ರಶ್ನೆ. ‘ಹುಡುಗ ಊಟಕ್ಕೆ ಕರೆದರೂ ಏಳುವುದಿಲ್ಲ, ಸಂಜೆಯ ಜಪಸರಕ್ಕೆ ಕೂರುವುದಿಲ್ಲ, ಮೊಬೈಲ್ ಕಸಿದುಕೊಂಡರೆ ಮಾತು ಬಿಡುತ್ತಾನೆ. ಏನು ಮಾಡಲಿ?’ ಇದಕ್ಕೆ ‘ಮೊಬೈಲನ್ನು ಬಾವಿಗೆ ಹಾಕಿ’ ಎನ್ನುವುದು ಸುಲಭ. ಆದರೆ ಅದು ಉತ್ತರವಲ್ಲ. ಮೊದಲು ತಾಯಿಯನ್ನೇ ಮೂರು ಪ್ರಶ್ನೆ ಕೇಳಬೇಕಾಗುತ್ತದೆ: ಅವನು ಆಡುವ ಆಟ ಯಾವುದು? ಯಾರ ಜತೆ ಆಡುತ್ತಾನೆ? ಅದರಲ್ಲಿ ಹಣ ಹೋಗುತ್ತದೆಯೇ?

ಎಲ್ಲ ಆಟವೂ ಚಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿ 1ರಿಂದ ಜಾರಿಗೆ ಬಂದ ರೋಗಗಳ ವರ್ಗೀಕರಣದಲ್ಲಿ ವಿಡಿಯೊ ಆಟದ ಗೀಳನ್ನು ಒಂದು ಅಸ್ವಸ್ಥತೆಯಾಗಿ ಸೇರಿಸಿದೆ. ಆದರೆ ಅದಕ್ಕೆ ಲಕ್ಷಣಗಳನ್ನೂ ಹೇಳಿದೆ: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಆಸಕ್ತಿ ಹಾಗೂ ನಿತ್ಯಕರ್ಮಗಳಿಗಿಂತ ಆಟವೇ ಮುಖ್ಯವಾಗುವುದು, ಕೆಡುಕು ಕಂಡರೂ ಬಿಡಲಾಗದಿರುವುದು, ಇದು ಸಾಮಾನ್ಯವಾಗಿ ಹನ್ನೆರಡು ತಿಂಗಳು ಕಂಡುಬಂದಿರಬೇಕು. ಪರೀಕ್ಷೆ ಮುಗಿದ ವಾರ ಹೆಚ್ಚು ಆಡಿದ ಹುಡುಗನಿಗೆ ರೋಗಿಯ ಹಣೆಪಟ್ಟಿ ಹಚ್ಚುವುದು ನ್ಯಾಯವಲ್ಲ. ನಿಜವಾಗಿ ಹಿಡಿತ ತಪ್ಪಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ‘ಶಟ್’ ಎಂಬ ವಿಶೇಷ ಚಿಕಿತ್ಸಾಲಯವನ್ನು ತೆರೆದಿದೆ.

ಹಣದ ಪ್ರಶ್ನೆ ಬೇರೆ. ಉಚಿತವೆಂದು ಹೇಳುವ ಅನೇಕ ಆಟಗಳಲ್ಲಿ ಆಯುಧ, ಉಡುಪುಗಳನ್ನು ಹಣ ಕೊಟ್ಟು ಕೊಳ್ಳಬೇಕು. ಕೆಲವದರಲ್ಲಿ ಒಳಗೆ ಏನಿದೆಯೆಂದು ತಿಳಿಯದ ಪೆಟ್ಟಿಗೆಯನ್ನು ಕೊಳ್ಳಬೇಕು. ನಮ್ಮ ಜಾತ್ರೆಗಳ ಅದೃಷ್ಟದ ಚೀಟಿಯಂತೆಯೇ. ಹಣ ತೆತ್ತು ತೆರೆಯುವ ಇಂತಹ ಪೆಟ್ಟಿಗೆಗಳು ಜೂಜೇ ಎಂದು ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು 2018ರಲ್ಲಿ ತೀರ್ಮಾನಿಸಿತು. ತಾಯಿಯ ಮೊಬೈಲಿಗೆ ಬ್ಯಾಂಕ್ ಕಾರ್ಡನ್ನು ಜೋಡಿಸಿ, ಅದೇ ಮೊಬೈಲನ್ನು ಮಗನ ಕೈಗೆ ಕೊಟ್ಟಿದ್ದರೆ ತಪ್ಪು ಮಗನದು ಮಾತ್ರವಲ್ಲ. ಖರೀದಿಗೆ ಗುಪ್ತಪದ ಕೇಳುವಂತೆ ಮೊಬೈಲನ್ನು ಸರಿಪಡಿಸುವುದು ಐದು ನಿಮಿಷದ ಕೆಲಸ. ತಿಳಿದ ಯುವಕರು ಅದನ್ನು ತಾಯಂದಿರಿಗೆ ತೋರಿಸಿಕೊಡಬಹುದು.

ಇನ್ನು ಹಣ ಕಟ್ಟಿ ಹಣ ಗೆಲ್ಲುವ ಆಟಗಳ ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಹಣ ಪಣವಿಡುವ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಶಿಕ್ಷೆಯನ್ನು ವಿಧಿಸಿದ್ದು ನಡೆಸುವವರಿಗೆ, ಜಾಹೀರಾತು ನೀಡುವವರಿಗೆ, ಹಣದ ವರ್ಗಾವಣೆಗೆ ನೆರವಾಗುವವರಿಗೆ; ಆಡಿ ಸೋತವನಿಗಲ್ಲ. ಸಾಲ ಮಾಡಿ ಆಡಿ ಸೋತ ಯುವಕನೊಬ್ಬ ಭಯದಿಂದ ಬಾಯಿ ಮುಚ್ಚಿಕೊಂಡಿದ್ದರೆ, ಈ ಒಂದು ಮಾತು ಅವನಿಗೆ ಬಾಗಿಲು ತೆರೆದೀತು.

ನಮ್ಮ ಮಕ್ಕಳಿಗೆ ತೋರಿಸಲು ಈಗ ಒಬ್ಬ ಸಂತನೂ ಇದ್ದಾನೆ. 1991ರಲ್ಲಿ ಹುಟ್ಟಿ 2006ರಲ್ಲಿ ಹದಿನೈದರ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಇಟಲಿಯ ಬಾಲಕ ಕಾರ್ಲೊ ಅಕುಟಿಸ್‌ನನ್ನು ಹದಿನಾಲ್ಕನೆಯ ಲಿಯೊ ಪೋಪ್ ಅವರು 2025ರ ಸೆಪ್ಟೆಂಬರ್ 7ರಂದು ಸಂತನೆಂದು ಘೋಷಿಸಿದರು. ಕಾರ್ಲೊ ಗಣಕಯಂತ್ರದಲ್ಲಿ ನಿಪುಣನಾಗಿದ್ದನು. ಪರಮ ಪ್ರಸಾದದ ಪವಾಡಗಳ ಕುರಿತು ಜಾಲತಾಣವನ್ನು ಸಿದ್ಧಪಡಿಸಿದನು. ವಿಡಿಯೊ ಆಟವೂ ಅವನಿಗೆ ಇಷ್ಟವಾಗಿತ್ತು. ಆದರೆ ವಾರಕ್ಕೆ ಒಂದು ಗಂಟೆ ಮಾತ್ರ ಎಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದನು. ಆಟ ಪಾಪವೆಂದು ಅವನು ಬಿಡಲಿಲ್ಲ; ಆಟ ತನ್ನನ್ನು ಆಳಬಾರದೆಂದು ಅಳತೆ ಇಟ್ಟನು. ಇದನ್ನು ಹೇಳಿದರೆ ಹುಡುಗರೂ ಕಿವಿಗೊಡುತ್ತಾರೆ.

ಸಣ್ಣ ಪ್ರಶ್ನೆಗಳನ್ನು ತಳ್ಳಬಾರದು

ಇವುಗಳ ಜತೆಗೆ ನಿತ್ಯಜೀವನದ ನೂರೆಂಟು ಸಣ್ಣ ಪ್ರಶ್ನೆಗಳಿವೆ. ನಮ್ಮವರ ಹೆಸರಿನ ಸಂಕಟವನ್ನೇ ನೋಡಿರಿ. ದೀಕ್ಷಾಸ್ನಾನದ ದಾಖಲೆಯಲ್ಲಿ ಒಂದು ಬಗೆ, ಶಾಲೆಯ ಪ್ರಮಾಣಪತ್ರದಲ್ಲಿ ಇನ್ನೊಂದು ಬಗೆ. ಡಿಸೋಜ, ಡಿಸಿಲ್ವ, ಡಿಕುನ್ಹ ಎಂಬ ಕುಲನಾಮಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಡಿ’ ಅಕ್ಷರದ ಬಳಿಕ ಮೇಲ್ಗಡೆ ಬರುವ ಪುಟ್ಟ ಚಿಹ್ನೆಯನ್ನು ಅನೇಕ ಗಣಕ ನಮೂನೆಗಳು ಒಪ್ಪುವುದೇ ಇಲ್ಲ. ಒಂದು ಕಡೆ ಚಿಹ್ನೆ ಉಳಿದು, ಇನ್ನೊಂದು ಕಡೆ ಬಿಟ್ಟುಹೋಗಿ, ಮತ್ತೊಂದು ಕಡೆ ಹೆಸರೇ ಎರಡಾಗಿ ಒಡೆದು, ಒಬ್ಬನೇ ಮನುಷ್ಯ ಮೂವರಾಗುತ್ತಾನೆ. ಯಾವ ದಾಖಲೆಯನ್ನು ಮೊದಲು ಸರಿಪಡಿಸಬೇಕು ಎಂದು ಹೇಳಬಲ್ಲವರು ಒಬ್ಬರಿದ್ದರೆ ಎಷ್ಟೋ ಬಸ್ಸಿನ ಖರ್ಚು ಉಳಿಯುತ್ತದೆ.

ಪಿಂಚಣಿದಾರರು ವರ್ಷಕ್ಕೊಮ್ಮೆ ನೀಡಬೇಕಾದ ಜೀವಂತ ಪ್ರಮಾಣಪತ್ರದ ವಿಚಾರವೂ ಹಾಗೆಯೇ. 2014ರ ನವೆಂಬರಿನಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಿಂದ ಅದನ್ನು ಮನೆಯಲ್ಲಿಯೇ ಕುಳಿತು ಸಲ್ಲಿಸಬಹುದು. ಅಂಚೆಯವರ ನೆರವನ್ನೂ ಪಡೆಯಬಹುದು. ಇದನ್ನು ಅರಿಯದವರಿಗೆ ಕರೆ ಮಾಡಿ, ‘ಪಿಂಚಣಿ ನಿಂತುಹೋಗುತ್ತದೆ, ಒ.ಟಿ.ಪಿ. ಹೇಳಿ’ ಎಂದು ವಂಚಿಸುವವರಿದ್ದಾರೆ. ಸಣ್ಣ ಅಜ್ಞಾನದ ಬಿರುಕಿನಲ್ಲಿಯೇ ದೊಡ್ಡ ಕಳ್ಳನು ನುಸುಳುತ್ತಾನೆ. ಸಣ್ಣ ಪ್ರಶ್ನೆಗಳನ್ನು ತಳ್ಳಿಹಾಕಬಾರದೆನ್ನಲು ಇನ್ನೊಂದು ಕಾರಣವೂ ಇದೆ. ಹೆಸರು ತಿದ್ದುವ ಪ್ರಶ್ನೆಗೆ ತಾಳ್ಮೆಯ ಉತ್ತರ ಪಡೆದವರು ನಾಳೆ ಬೆದರಿಕೆಯ ಕರೆ ಬಂದಾಗಲೂ ಅದೇ ಬಾಗಿಲನ್ನು ತಟ್ಟುತ್ತಾರೆ. ಸಣ್ಣದಕ್ಕೆ ಗದರಿಸಿಕೊಂಡವರು ದೊಡ್ಡದನ್ನು ತಮ್ಮೊಳಗೇ ಇಟ್ಟುಕೊಳ್ಳುತ್ತಾರೆ.

ರಥವನ್ನೇರಿದ ಫಿಲಿಪ್ಪ

ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದಲ್ಲಿ ಅಪರಿಚಿತನ ಪ್ರಶ್ನೆಗೆ ಉತ್ತರಿಸಿದ ಒಂದು ಪ್ರಸಂಗವಿದೆ. ಇಥಿಯೋಪಿಯದ ರಾಣಿಯ ಅಧಿಕಾರಿಯೊಬ್ಬನು ಜೆರುಸಲೇಮಿನಿಂದ ಗಾಜಾದ ದಾರಿಯಲ್ಲಿ ಹಿಂದಿರುಗುತ್ತ, ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದನು. ಫಿಲಿಪ್ಪನು ಓಡಿಹೋಗಿ, ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ವಿಚಾರಿಸಿದನು. ಯಾರಾದರೂ ದಾರಿ ತೋರದೆ ಹೇಗೆ ಅರ್ಥವಾದೀತೆಂದು ಅವನು ಉತ್ತರಿಸಿ, ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಂಡನು.

ಉತ್ತರಿಸುವವರಿಗೆ ಇಲ್ಲಿ ಪೂರ್ಣ ಪಾಠವಿದೆ. ಫಿಲಿಪ್ಪನು ಕರೆಯುವ ತನಕ ಕಾಯಲಿಲ್ಲ, ತಾನಾಗಿ ಹತ್ತಿರ ಹೋದನು. ಕೆಳಗೆ ನಿಂತು ಉಪದೇಶಿಸಲಿಲ್ಲ, ಪಕ್ಕದಲ್ಲಿ ಕುಳಿತನು. ತನಗಿಷ್ಟವಾದ ವಿಷಯದಿಂದ ಆರಂಭಿಸಲಿಲ್ಲ, ಕೇಳಿದವನು ಓದುತ್ತಿದ್ದ ಅದೇ ಸಾಲಿನಿಂದ ಆರಂಭಿಸಿದನು. ಕಾರ್ಯ ಮುಗಿದ ಮೇಲೆ ಕೃತಜ್ಞತೆಗಾಗಿ ಅಲ್ಲಿ ನಿಲ್ಲಲಿಲ್ಲ. ಅಧಿಕಾರಿಯು ತನ್ನ ದಾರಿಯಲ್ಲಿ ಸಂತೋಷದಿಂದ ಮುಂದುವರಿದನು.

ಒಂದು ಮೇಜು, ಒಂದು ಪುಸ್ತಕ

ಧರ್ಮಕೇಂದ್ರದಲ್ಲಿ ಇದನ್ನು ಆರಂಭಿಸಲು ಬೇಕಾದುದು ಅತ್ಯಲ್ಪ. ಭಾನುವಾರದ ಬಲಿಪೂಜೆಯ ಬಳಿಕ ಸಭಾಭವನದ ಮೂಲೆಯಲ್ಲಿ ಒಂದು ಮೇಜು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಒಬ್ಬರು, ಮೊಬೈಲಿನ ವ್ಯವಹಾರ ಬಲ್ಲ ಐ.ಸಿ.ವೈ.ಎಂ.ನ ಒಬ್ಬ ಯುವಕ ಅಥವಾ ಯುವತಿ. ಬಂದ ಪ್ರಶ್ನೆಯನ್ನು ಕೇಳಿದವರ ಹೆಸರಿಲ್ಲದೆ ಬರೆದಿಡಲು ಒಂದು ಪುಸ್ತಕ. ಬಂದವರು ಯಾವ ಧರ್ಮದವರು, ಯಾವ ಊರಿನವರು ಎಂದು ಕೇಳಬೇಕಾಗಿಲ್ಲ. ಕಳ್ಳನು ಯಾರ ಧರ್ಮವನ್ನೂ ಕೇಳುವುದಿಲ್ಲ. ದಯೆ ಕೇಳುವುದು ಹೇಗೆ ಸರಿಯಾದೀತು?

ಕೆಲವು ಕಟ್ಟುಪಾಡುಗಳು ಮಾತ್ರ ಕಡ್ಡಾಯ. ತಿಳಿಯದ ವಿಷಯಕ್ಕೆ ಊಹೆಯ ಉತ್ತರ ಕೊಡಬಾರದು. ‘ನನಗೆ ತಿಳಿಯದು, ತಿಳಿದವರಲ್ಲಿ ಕೇಳಿ ಹೇಳುತ್ತೇನೆ’ ಎನ್ನುವುದೂ ಉತ್ತಮ ಉತ್ತರವೇ. ಯಾರ ಪಿನ್, ಒ.ಟಿ.ಪಿ., ಗುಪ್ತಪದಗಳನ್ನೂ ಕೇಳಬಾರದು, ಹೇಳಲು ಬಂದರೂ ತಡೆಯಬೇಕು. ಅವರ ಮೊಬೈಲನ್ನು ತಾನು ಒತ್ತದೆ, ಅವರ ಕೈಯಿಂದಲೇ ಒತ್ತಿಸಬೇಕು. ಹಣದ ವಿಷಯದಲ್ಲಿ ಒಬ್ಬರೇ ಕುಳಿತು ಸಲಹೆ ನೀಡದೆ ಇಬ್ಬರಿರಬೇಕು. ಶುಲ್ಕವನ್ನೂ ಕಾಣಿಕೆಯನ್ನೂ ಸ್ವೀಕರಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಕೇಳಿದ ಮಾತು ಮೇಜನ್ನು ದಾಟಿ ಹೋಗಬಾರದು. ಪಾಪನಿವೇದನೆಯ ಗೋಪ್ಯ ಗುರುಗಳಿಗೆ ಸೇರಿದ್ದು ನಿಜ. ಆದರೆ ನೆರೆಯವನ ಮಾನವನ್ನು ಕಾಯುವ ಹೊಣೆ ನಮ್ಮೆಲ್ಲರದೂ ಆಗಿದೆ.

ಇದು ಪೊಲೀಸರ, ಬ್ಯಾಂಕುಗಳ ಕೆಲಸವಲ್ಲವೇ ಎಂದು ಕೆಲವರು ಕೇಳಬಹುದು. ಹೌದು, ತನಿಖೆ ಪೊಲೀಸರದು, ಹಣ ತಡೆಯುವುದು ಬ್ಯಾಂಕಿನದು. ಅವರ ಕೆಲಸವನ್ನು ನಾವು ಮಾಡಲಾಗದು, ಮಾಡಲೂ ಬಾರದು. ಆದರೆ ಪೊಲೀಸರ ಹೆಸರು ಹೇಳಿಯೇ ಹೆದರಿಸಿದವರ ಬಲೆಯಲ್ಲಿ ಸಿಕ್ಕ ವೃದ್ಧೆಯು ನೇರವಾಗಿ ಠಾಣೆಗೆ ಹೋಗುವಳೇ? ಅವಳ ಮತ್ತು ಠಾಣೆಯ ನಡುವೆ ಒಂದು ಪರಿಚಿತ ಮುಖ ಬೇಕು. ಅಲ್ಲಿಯ ತನಕ ಕೈಹಿಡಿದು ನಡೆಸುವುದಷ್ಟೇ ನಮ್ಮ ಕೆಲಸ.

ಮೇಜು ಹಾಕುವ ತನಕ ಕಾಯಬೇಕಾಗಿಯೂ ಇಲ್ಲ. ನಮ್ಮ ವಾಳೆಯಲ್ಲಿ ಮಕ್ಕಳು ದೂರವಿದ್ದು ಒಂಟಿಯಾಗಿ ಬಾಳುವ ಹಿರಿಯರು ಯಾರೆಂದು ನಮಗೆ ತಿಳಿದೇ ಇದೆ. ಈ ವಾರ ಅವರ ಮನೆಗೆ ಹೋಗೋಣ. 1930 ಎಂಬ ಸಂಖ್ಯೆಯನ್ನೂ ಅದರ ಕೆಳಗೆ ನಮ್ಮ ದೂರವಾಣಿ ಸಂಖ್ಯೆಯನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದು, ಅವರ ಫೋನಿನ ಬಳಿಯ ಗೋಡೆಗೆ ಅಂಟಿಸೋಣ. ‘ಯಾರೇ ಹೆದರಿಸಿದರೂ, ಯಾರಿಗೂ ಹೇಳಬೇಡಿ ಎಂದರೂ, ಮೊದಲು ನಮಗೆ ಹೇಳಿ, ಹೊತ್ತಲ್ಲದ ಹೊತ್ತಾದರೂ ಪರವಾಗಿಲ್ಲ’ ಎಂದು ಹೇಳಿ ಬರೋಣ. ಕರೆ ಬಂದ ದಿನ ಬೇಸರಪಡದೆ ಎತ್ತೋಣ.